ಪೋಲಾ ನೇಗ್ರಿಯ ದನಿ ಕೇಳಬೇಕೆಂದರೆ

ಪ್ರೀತಿಯ ಗೆಳೆಯಾ,

ಮೂಕಿ ಚಿತ್ರಗಳ ಕಾಲದ ಪೋಲಿಷ್ ತಾರೆ ಪೋಲಾ ನೇಗ್ರಿಯನ್ನು ಯಾವ ಚಿತ್ರದಿಂದ ನೋಡಲು ಶುರು ಮಾಡಲಿ ಎಂದು ಕೇಳಿದ್ದೀಯ. ಜೊತೆಗೆ, ಟಾಕಿ ಬಂದ ಮೇಲೆ ಪೋಲಿಷ್ ಉಚ್ಚಾರಣೆಯಿಂದಾಗಿ ಆಕೆಯ ಕತೆ ಮುಗಿಯಿತಂತಲ್ಲ ಎಂದೂ ಬರೆದಿದ್ದೀಯ. ಆ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಪರದೇಶದ ಜನ ಆಕೆಯನ್ನು ಗಾಯಕಿಯೆಂದು ಕಂಡದ್ದೇ ಟಾಕಿ ಬಂದ ಮೇಲೆ.

ಆಕೆ ಹುಟ್ಟಿದ್ದು 1897ರ ಜನವರಿ 3ರಂದು, ಪೋಲೆಂಡಿನ ಲಿಪ್ನೊ ಎಂಬ ಊರಲ್ಲಿ. ಎಲ್ಲಾದರೂ 1899 ಎಂದಿದ್ದರೆ ನಂಬಬೇಡ. ಆಗ ಆ ಭಾಗ ರಷ್ಯಾದ ಕೈಯಲ್ಲಿತ್ತು. ತಂದೆಯನ್ನು ರಷ್ಯನ್ನರು ಸೆರೆಹಿಡಿದ ಮೇಲೆ ತಾಯಿ ಮಗಳು ವಾರ್ಸಾ ಸೇರಿದರು. ಬ್ಯಾಲೆ ಕಲಿಯುತ್ತಿದ್ದ ಹುಡುಗಿಗೆ ಕ್ಷಯ ಬಂದು ಕುಣಿತ ನಿಂತಿತು, ನಟನೆಗೆ ಬಂದಳು. ಹುಟ್ಟುಹೆಸರು ಬಾರ್ಬರಾ ಅಪೊಲೊನಿಯಾ ಹವೂಪ್ಯೆಟ್ಸ್. ಅಪೊಲೊನಿಯಾವನ್ನು ಮೊಟಕು ಮಾಡಿ ಪೋಲಾ. ನೇಗ್ರಿ ಎಂಬುದು ಇಟಲಿಯ ಕವಯಿತ್ರಿ ಆದಾ ನೇಗ್ರಿಯಿಂದ ಪಡೆದದ್ದು.

1917ರಲ್ಲಿ ಬರ್ಲಿನ್‌ಗೆ ಹೋದಳು. ಮೂಕಿ ಚಿತ್ರದಲ್ಲಿ ಭಾಷೆ ಅಡ್ಡಬರುವುದಿಲ್ಲ, ಊರಿಂದೂರಿಗೆ, ಮಾತು ಬರೆದು ತೋರಿಸುವ ಟೈಟಲ್ ಕಾರ್ಡ್ ಬದಲಾಯಿಸಿದರೆ ಆಯಿತು. ಅರ್ನ್ಸ್ಟ್ ಲುಬಿಟ್ಷ್ ನಿರ್ದೇಶಿಸಿದ ‘ಮದಾಮ್ ದ್ಯುಬಾರಿ’ (1919) ಮರುವರ್ಷ ‘ಪ್ಯಾಷನ್’ ಎಂಬ ಹೆಸರಲ್ಲಿ ನ್ಯೂಯಾರ್ಕ್‌ನಲ್ಲಿ ಗೆದ್ದಿತು. 1922ರಲ್ಲಿ ಅಮೆರಿಕದ ಚಿತ್ರ ಕಂಪನಿ ಪ್ಯಾರಮೌಂಟ್ ಆಕೆಯನ್ನು ಹಾಲಿವುಡ್‌ಗೆ ಕರೆಸಿಕೊಂಡಿತು.

ಈಗ ಆ ಉಚ್ಚಾರಣೆಯ ವಿಷಯ. ಪ್ಯಾರಮೌಂಟ್ ಜೊತೆಗಿನ ನಂಟು 1928ರಲ್ಲೇ ಮುಗಿಯಿತು. ಅಷ್ಟರಲ್ಲಿ ಆಕೆ ಮಾತಾಡಿದ ಒಂದೇ ಒಂದು ಚಿತ್ರವೂ ಬಂದಿರಲಿಲ್ಲ. ಕೇಳದ ಉಚ್ಚಾರಣೆಗೆ ಜನ ಬೇಸರಪಟ್ಟುಕೊಳ್ಳುವುದು ಹೇಗೆ? ಪೆಟ್ಟು ಬೇರೆ ಕಡೆಯಿಂದ ಬಿದ್ದಿತ್ತು. 1926ರ ಆಗಸ್ಟ್‌ನಲ್ಲಿ ಆಕೆಯ ಪ್ರಿಯಕರ, ಜನಪ್ರಿಯ ನಟ ರುಡಾಲ್ಫ್ ವ್ಯಾಲೆಂಟಿನೊ ತೀರಿಕೊಂಡಾಗ ಆಕೆ ಎಲ್ಲರೆದುರು ಗೋಳಾಡಿದಳು. ವರ್ಷ ತುಂಬುವ ಮೊದಲೇ ಸೆರ್ಗೆ ಮ್ದಿವಾನಿ ಎಂಬ ಬೇರೊಬ್ಬನನ್ನು ಮದುವೆಯಾದಳು. ಅಮೆರಿಕದ ಪ್ರೇಕ್ಷಕರಿಗೆ ಅದು ಸಹಿಸಲಾಗಲಿಲ್ಲ.

ಮೊದಲ ಟಾಕಿ ‘ಎ ವುಮನ್ ಕಮಾಂಡ್ಸ್’ (1932) ಸೋತಿತು. ಅದರಲ್ಲಿ ಆಕೆ ಹಾಡಿದ ‘ಪ್ಯಾರಡೈಸ್’ ಮಾತ್ರ ಗೆದ್ದಿತು. ನಿಧಾನವಾದ ವಾಲ್ಟ್ಸ್ ಅದು, ಮೂರು ತಾಳದ ಕುಣಿತದ ಮಟ್ಟು. ನಡುನಡುವೆ ಪದಗಳು ನಿಂತು ಬರಿಯ ಗುನುಗು ಬರುತ್ತದೆ, ಕಿವಿ ಅಲ್ಲಿಡು. ಆಕೆಯದು ಮಂದ್ರದ ಕಂಠ. ಮೇಲಿನ ಸ್ವರಗಳಿಗೆ ಹಾರುವುದಿಲ್ಲ, ಅರ್ಧ ಮಾತು ಅರ್ಧ ಹಾಡಿನಲ್ಲಿ ಕೆಲಸ ಸಾಗಿಸುತ್ತಾಳೆ. ಆದ್ದರಿಂದ ನೀನು ಮೊದಲು ಈ ಹಾಡು ಕೇಳು. ಆಮೇಲೆ ವಿಲ್ಲಿ ಫಾರ್ಸ್ಟ್ ನಿರ್ದೇಶನದ ಜರ್ಮನ್ ಚಿತ್ರ ‘ಮಜುರ್ಕಾ’ (1935) ನೋಡು. ಮಗಳನ್ನು ಕೆಡಿಸಹೊರಟವನನ್ನು ಗುಂಡಿಕ್ಕಿ ಕೊಂದ ಗಾಯಕಿಯ ಪಾತ್ರ. ನನ್ನ ಮಟ್ಟಿಗೆ ಆಕೆಯ ಅತ್ಯುತ್ತಮ ಟಾಕಿ ಇದೇ. ವಾರ್ನರ್ ಕಂಪನಿ ಇದನ್ನು 1937ರಲ್ಲಿ ಕೇ ಫ್ರಾನ್ಸಿಸ್ ಜೊತೆ ‘ಕನ್ಫೆಷನ್’ ಎಂದು ಮತ್ತೆ ತೆಗೆಯಿತು. ಎರಡನ್ನೂ ಒಟ್ಟಿಗೆ ನೋಡಿದರೆ ಪೋಲಾ ಎಲ್ಲೆಲ್ಲಿ ಸುಮ್ಮನಿದ್ದು ಗೆಲ್ಲುತ್ತಾಳೆ ಎಂದು ತಿಳಿಯುತ್ತದೆ. ‘ಟ್ಯಾಂಗೊ ನೊಟ್ಟುರ್ನೊ’ದ (1937) ಹಾಡನ್ನೂ ಬಿಡಬೇಡ. ಅದು ನಾಜಿಗಳ ಕಾಲದ ಜರ್ಮನಿ ಎಂಬುದನ್ನು ಮರೆತು ಈ ಚಿತ್ರಗಳನ್ನು ನೋಡುವಂತಿಲ್ಲ. ಹಿಟ್ಲರ್ ಜೊತೆ ನಂಟು ಕಟ್ಟಿ ಬರೆದ ಫ್ರೆಂಚ್ ಪತ್ರಿಕೆಯೊಂದರ ಮೇಲೆ ಆಕೆ ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದಳು.

ಮೂಕಿಗಳಿಗೆ ಇದಾದ ಮೇಲೆ ಬಾ. ಇಲ್ಲಿ ಎಡವುವುದು ವೇಗದಲ್ಲಿ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್. ಅದನ್ನೇ ಟಾಕಿಗಳ ವೇಗವಾದ 24ರಲ್ಲಿ ಓಡಿಸಿದರೆ, 18 ಫ್ರೇಮಿನಲ್ಲಿ ತೆಗೆದ 90 ನಿಮಿಷದ ಚಿತ್ರ 68 ನಿಮಿಷದೊಳಗೆ ಮುಗಿಯುತ್ತದೆ. ಪೋಲಾಳ ನಟನೆಯೆಲ್ಲ ಕಣ್ಣೆವೆ ಇಳಿಸುವ, ಭುಜ ತಿರುಗಿಸುವ ನಿಧಾನದಲ್ಲಿದೆ. ವೇಗ ಹೆಚ್ಚಿದರೆ ಅದೇ ಅತಿನಟನೆಯಂತೆ ಕಾಣುತ್ತದೆ, ಜನ ಆಕೆಯನ್ನು ಆಡಿಕೊಳ್ಳುವುದೂ ಇಂಥ ಪ್ರತಿಗಳನ್ನು ನೋಡಿಯೇ. ದಾರಿಯಲ್ಲಿ ನಡೆಯುವವರನ್ನು ಗಮನಿಸು. ದಡಬಡ ಓಡುವಂತಿದ್ದರೆ ಪ್ಲೇಯರ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸು, ಹಿನ್ನೆಲೆ ಸಂಗೀತ ಎಳೆದಂತಾಗುವುದರಿಂದ ಮ್ಯೂಟ್ ಮಾಡು. ಆರ್ಕೈವ್‌ಗಳು ಪುನರುಜ್ಜೀವನಗೊಳಿಸಿದ ಪ್ರತಿಗಳಲ್ಲಿ ವೇಗ ಮೊದಲೇ ಸರಿಮಾಡಿರುತ್ತಾರೆ, ಅವನ್ನು ಮುಟ್ಟಬೇಡ. ಪೋಲೆಂಡಿನ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಫಿಲ್ಮೊತೆಕಾ ನರೊದೊವಾ 2011ರಲ್ಲಿ ಸಿದ್ಧಪಡಿಸಿದ ‘ಮಾನಿಯಾ’ (1918) ಸಿಕ್ಕರೆ ಮೂಕಿಗಳನ್ನು ಅದರಿಂದಲೇ ಆರಂಭಿಸು. ನಂತರ ‘ದ್ಯುಬಾರಿ’, ಕೊನೆಗೆ ‘ಹೋಟೆಲ್ ಇಂಪೀರಿಯಲ್’ (1927).

1941ರಲ್ಲಿ ಅಮೆರಿಕಕ್ಕೆ ಮರಳಿದ ಮೇಲೆ ಮಾಡಿದ್ದು ಎರಡೇ ಚಿತ್ರ. 1943ರ ‘ಹಾಯ್ ಡಿಡ್ಲ್ ಡಿಡ್ಲ್’ನಲ್ಲಿ ಒಪೆರಾ ಗಾಯಕಿಯಾಗಿ ನಗಿಸುತ್ತಾಳೆ. 1964ರ ‘ದಿ ಮೂನ್ ಸ್ಪಿನ್ನರ್ಸ್’ನಲ್ಲಿ ಪಕ್ಕದಲ್ಲೊಂದು ಚೀತಾ ಇಟ್ಟುಕೊಂಡು ಬರುತ್ತಾಳೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1987ರ ಆಗಸ್ಟ್ 1ರಂದು ತೀರಿಕೊಂಡಳು.

‘ಮಜುರ್ಕಾ’ ಹುಡುಕುವಾಗ ವರ್ಷವನ್ನೂ ಸೇರಿಸಿ ಹುಡುಕು, ಇಲ್ಲದಿದ್ದರೆ ಬರೀ ಪೋಲಿಷ್ ಕುಣಿತದ ವಿಡಿಯೊಗಳೇ ಬರುತ್ತವೆ. ನೋಡಿದ ಮೇಲೆ ಬರೆ.

ನಿನ್ನ ಗೆಳೆಯ