ನನ್ನನ್ನು ತಿದ್ದಿದವರಿಗೆ

ಕಳೆದ ಗುರುವಾರ ಅಂಚೆಪೆಟ್ಟಿಗೆಯಲ್ಲಿ ಒಂದು ದಪ್ಪ ಲಕೋಟೆ ಬಂದಿತ್ತು. ಒಳಗೆ ಒಂದೇ ಹಾಳೆ. ಅದರಲ್ಲಿ ನನ್ನ ಹೆಸರು, ಸರ್ಕಾರಿ ಮೊಹರು, ನಡುವೆ ‘ಫ್ಲೇಗೆಫಾಖ್‌ಫ್ರಾವ್’ ಎಂಬ ಪದ. ಜರ್ಮನಿಯಲ್ಲಿ ಇನ್ನು ಮುಂದೆ ನಾನು ನನ್ನನ್ನು ಪೂರ್ಣ ಅರ್ಹತೆಯ ನರ್ಸ್ ಎಂದು ಕರೆದುಕೊಳ್ಳಬಹುದು ಎಂದು ಅದರ ಅರ್ಥ. ಎಂಟು ವರ್ಷ ತೀವ್ರ ನಿಗಾ ಘಟಕದಲ್ಲಿ ದುಡಿದು ಬಂದವಳಿಗೆ ಈ ಪದ ಮರಳಿ ಸಿಗಲು ಹದಿನೆಂಟು ತಿಂಗಳು ಹಿಡಿಯಿತು. ಅಡುಗೆಮನೆಯ ನೆಲದ ಮೇಲೆ ಕುಳಿತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಯಾರಿಗೆಲ್ಲ ಹೇಳಬೇಕು ಎಂದು ಯೋಚಿಸಿದಾಗ ನೆನಪಾದ ಮುಖಗಳಲ್ಲಿ ಹೆಚ್ಚಿನವು ನನ್ನನ್ನು ಹೊಗಳಿದವರದ್ದಾಗಿರಲಿಲ್ಲ.

ಈ ದಾರಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೊರದೇಶದಲ್ಲಿ ಓದಿದ ನರ್ಸ್‌ಗಳ ಪಠ್ಯಕ್ರಮವನ್ನು ಇಲ್ಲಿಯವರು ತಮ್ಮದರ ಪಕ್ಕ ಇಟ್ಟು ತೂಗಿ, ಏನೇನು ಕಡಿಮೆ ಬಿದ್ದಿದೆ ಎಂದು ಒಂದು ಪತ್ರ ಕೊಡುತ್ತಾರೆ. ಆ ಪತ್ರದ ಹೆಸರೇ ‘ಡೆಫಿಜಿಟ್‌ಬೆಶೈಡ್’, ಕೊರತೆಯ ತೀರ್ಮಾನ. ಕೊರತೆ ತುಂಬಿಕೊಳ್ಳಲು ಒಂದೋ ತಿಂಗಳುಗಟ್ಟಲೆ ಹೊಂದಾಣಿಕೆಯ ತರಬೇತಿ, ಇಲ್ಲವೇ ‘ಕೆನ್ಟ್‌ನಿಸ್‌ಪ್ರ್ಯೂಫುಂಗ್’ ಎಂಬ ಪರೀಕ್ಷೆ: ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಮೌಖಿಕ, ಜೊತೆಗೆ ವಾರ್ಡಿನಲ್ಲಿ ನಿಜವಾದ ರೋಗಿಗಳ ಎದುರು ಪ್ರಾಯೋಗಿಕ. ಜರ್ಮನ್ ಭಾಷೆ ಬಿ2 ಎಂಬ ಮೇಲು-ಮಧ್ಯಮ ಮಟ್ಟಕ್ಕೆ ಏರಬೇಕು. ಅಲ್ಲಿಯವರೆಗೆ ಸಹಾಯಕಿಯ ಕೆಲಸ, ಸಹಾಯಕಿಯ ಸಂಬಳ. ನಾನು ಪರೀಕ್ಷೆಯನ್ನೇ ಆರಿಸಿಕೊಂಡೆ. ನನಗೆ ಇನ್ನೇನು ತರಬೇತಿ ಎಂಬ ಜಂಬ ಅದರಲ್ಲಿ ಇತ್ತು ಎಂದು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

2024ರ ಜನವರಿಯಲ್ಲಿ ಸ್ಟುಟ್‌ಗಾರ್ಟ್‌ಗೆ ಬಂದಿಳಿದಾಗ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಬಿ1 ಪ್ರಮಾಣಪತ್ರ ಕೈಯಲ್ಲಿತ್ತು. ಸಿಕ್ಕವರೆಲ್ಲ ‘ನಿಮ್ಮ ಜರ್ಮನ್ ತುಂಬಾ ಚೆನ್ನಾಗಿದೆ’ ಎನ್ನುತ್ತಿದ್ದರು. ನಾನು ನಂಬಿದೆ. ನಿಜಕ್ಕೂ ಚೆನ್ನಾಗಿ ಮಾತನಾಡುವವರಿಗೆ ಯಾರೂ ಹಾಗೆ ಹೇಳುವುದಿಲ್ಲ ಎಂದು ಹೊಳೆಯಲು ನಾಲ್ಕು ತಿಂಗಳು ಬೇಕಾಯಿತು. ಸಂಜೆಯ ತರಗತಿಯ ಶಿಕ್ಷಕಿ ಮಾತ್ರ ಒಂದು ದಿನವೂ ಆ ಮಾತು ಆಡಲಿಲ್ಲ. ನಾಮಪದದ ಲಿಂಗ ತೋರುವ ಪುಟ್ಟ ಪದಗಳಲ್ಲಿ ಒಂದು ‘ದೇರ್’ ಇರಬೇಕಾದಲ್ಲಿ ‘ದೀ’ ಬಂದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ವಾಕ್ಯವನ್ನು ಮೊದಲಿನಿಂದ ಹೇಳಬೇಕಿತ್ತು. ಹನ್ನೊಂದು ಗಂಟೆಯ ಪಾಳಿಯೊಂದನ್ನು ಮುಗಿಸಿ ಬಂದ ದಿನ ನಾನು ‘ಅರ್ಥವಾಯಿತಲ್ಲ, ಸಾಕಲ್ಲವೇ?’ ಎಂದು ಕೇಳಿಯೇಬಿಟ್ಟೆ. ‘ನನಗೆ ಅರ್ಥವಾಯಿತು. ರಾತ್ರಿ ಮೂರು ಗಂಟೆಗೆ ಫೋನಿನ ಆ ಕಡೆ ಇರುವ ವೈದ್ಯರಿಗೆ?’ ಎಂದರು. ಮಕ್ಕಳು ಬರೆದ ಅಕ್ಷರದ ಮೇಲೇ ಮತ್ತೆ ಮತ್ತೆ ಬರೆಯುವುದನ್ನು ನಾವು ತಿದ್ದುವುದು ಎನ್ನುತ್ತೇವೆ, ತಪ್ಪು ಸರಿಪಡಿಸುವುದನ್ನೂ ತಿದ್ದುವುದು ಎನ್ನುತ್ತೇವೆ. ಎರಡಕ್ಕೂ ಒಂದೇ ಪದ ಏಕೆ ಎಂದು ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಆ ತರಗತಿಯಲ್ಲಿ ಕುಳಿತು ಯೋಚಿಸಿದ್ದೇನೆ. ಮೇಡಂ, ನಿಮಗೆ ಮೊದಲ ವಂದನೆ.

ಪುಸ್ತಕದ ಜರ್ಮನ್ ಬಂದರೂ ವಾರ್ಡಿನಲ್ಲಿ ಬೇರೆಯದೇ ಭಾಷೆ ಕಾದಿತ್ತು. ಇದು ಶ್ವಾಬಿಯಾ, ತನ್ನದೇ ಆಡುಮಾತಿರುವ ಸೀಮೆ. ಒಬ್ಬ ಅಜ್ಜಿ ‘ಫೂಸ್’ ನೋಯುತ್ತಿದೆ ಎಂದು ನರಳಿದರು. ಫೂಸ್ ಎಂದರೆ ಪಾದ ಎಂದು ನಾನು ಕಲಿತದ್ದು. ಕಾಲುಚೀಲ ತೆಗೆದು ಪಾದ, ಹಿಮ್ಮಡಿ, ಬೆರಳುಗಳ ಸಂದಿ ಎಲ್ಲವನ್ನೂ ತಪಾಸಣೆ ಮಾಡಿ ‘ಏನೂ ಇಲ್ಲ’ ಎಂದೆ. ಅಜ್ಜಿ ಕಣ್ಣು ಕೆಕ್ಕರಿಸಿ ಸೊಂಟದ ಕೆಳಗೆ ತಟ್ಟಿ ತೋರಿಸಿದರು. ಶ್ವಾಬಿಯನ್ನರ ಫೂಸ್ ಸೊಂಟದಿಂದಲೇ ಶುರುವಾಗುತ್ತದಂತೆ! ಪಕ್ಕದ ಹಾಸಿಗೆಯವರು ನಗುತ್ತಿದ್ದರೆ ನನಗೆ ಬೇರೆಯೇ ಸಂತೋಷ. ನಮ್ಮ ‘ಕಾಲು’ ಕೂಡ ಹಾಗೆಯೇ ಅಲ್ಲವೇ? ತೊಡೆ ಉಳುಕಿದರೂ ಕಾಲುನೋವು, ಪಾದಕ್ಕೆ ಮುಳ್ಳು ಚುಚ್ಚಿದರೂ ಕಾಲುನೋವು. ಅಲ್ಲಿಯವರೆಗೆ ಪರಕೀಯವಾಗಿದ್ದ ಆ ಮಾತು ಅಂದಿನಿಂದ ಸೋದರತ್ತೆಯ ಮಾತಿನಂತೆ ಕೇಳತೊಡಗಿತು. ಆ ಅಜ್ಜಿಯೇ ಮುಂದೆ ನನ್ನ ಖಾಸಗಿ ಪಂಡಿತರಾದರು. ‘ಟೆಪ್ಪಿಖ್ ಕೊಡು’ ಎಂದರೆ ನೆಲಹಾಸು ಹುಡುಕಬಾರದು, ಹೊದಿಕೆ ಕೊಡಬೇಕು. ‘ಹೇಬೆನ್’ ಎಂದರೆ ಎತ್ತುವುದಲ್ಲ, ಹಿಡಿದುಕೊಳ್ಳುವುದು. ಈ ಕೊನೆಯದನ್ನು ಅವರು ಹೇಳದೇ ಇದ್ದಿದ್ದರೆ, ಹಿಡಿದುಕೋ ಎಂದು ಕೇಳಿದ ಯಾವ ಭಾರೀ ಆಳನ್ನು ನಾನು ಎತ್ತಲು ಹೋಗಿ ಬೆನ್ನು ಮುರಿದುಕೊಳ್ಳುತ್ತಿದ್ದೆನೋ. ಅಜ್ಜಿ ಈಗಿಲ್ಲ.

ಈಗ ಸೋತ ಕಥೆ. ಆ ವರ್ಷದ ನವೆಂಬರಿನಲ್ಲಿ ಪರೀಕ್ಷೆ. ಮೌಖಿಕ ಚೆನ್ನಾಗಿಯೇ ಆಯಿತು. ಪ್ರಾಯೋಗಿಕದಲ್ಲಿ ಪಾರ್ಶ್ವವಾಯುವಾಗಿ ಎಡಭಾಗ ದುರ್ಬಲವಾಗಿದ್ದ ಒಬ್ಬ ರೋಗಿಯ ಬೆಳಗಿನ ಆರೈಕೆ ನನ್ನ ಪಾಲಿಗೆ ಬಂತು. ಅಂಗಿ ತೊಡಿಸುವಾಗ ದುರ್ಬಲವಾದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಕಳಚುವಾಗ ಕೊನೆಗೆ, ಅದೆಲ್ಲ ತಪ್ಪಲಿಲ್ಲ. ಮುಖ ತೊಳೆಸಿದೆ, ತಲೆ ಬಾಚಿದೆ, ಗುಂಡಿಗಳನ್ನು ಚಕಚಕನೆ ಹಾಕಿದೆ, ದಿಂಬು ಸರಿಮಾಡಿದೆ. ನನ್ನ ಕೈ ಎಷ್ಟು ಚುರುಕು ಎಂದು ನನಗೇ ಹೆಮ್ಮೆಯಾಯಿತು. ಪರೀಕ್ಷಕರು ಅನುತ್ತೀರ್ಣ ಎಂದರು. ಕಾರಣ ಕೇಳಿದಾಗ ಬಂದ ಉತ್ತರ: ‘ಅವರ ಬಲಗೈ ಚೆನ್ನಾಗಿತ್ತು. ಅದಕ್ಕೆ ನೀವು ಒಂದು ಕೆಲಸವನ್ನೂ ಕೊಡಲಿಲ್ಲ.’

ಮೂರು ದಿನ ನಿದ್ದೆ ಬರಲಿಲ್ಲ. ರೋಗಿಯನ್ನು ಕೂಸಿನಂತೆ ನೋಡಿಕೊಳ್ಳುವುದೇ ಸೇವೆ ಎಂದು ನಂಬಿ ಬದುಕಿದವಳು ನಾನು. ಅದೇ ತಪ್ಪು ಎಂದರೆ? ರೋಗಿಯಿಂದಲೇ ಮಾಡಿಸುವ ಆರೈಕೆಯ ಬಗ್ಗೆ ಪುಸ್ತಕದಲ್ಲಿ ಓದಿದ್ದೆ, ಮೌಖಿಕದಲ್ಲಿ ಸೊಗಸಾಗಿ ವಿವರಿಸಿಯೂ ಇದ್ದೆ. ಕೈಗಳಿಗೆ ಮಾತ್ರ ಅದು ತಿಳಿದಿರಲಿಲ್ಲ. ಬಿದ್ದ ಭಾಗವನ್ನು ಒಂದೇ ಸಲ ಮತ್ತೆ ಬರೆಯಲು ಅವಕಾಶ. ಅದೂ ಹೋದರೆ ವೀಸಾದ ಗತಿ ಏನು ಎಂಬ ಲೆಕ್ಕ ಬೇರೆ.

ನಮ್ಮ ವಾರ್ಡಿನ ತರಬೇತುದಾರ್ತಿ ಸಮಾಧಾನ ಹೇಳಲಿಲ್ಲ. ಮರುವಾರ ನನ್ನನ್ನು ಒಬ್ಬ ರೋಗಿಯ ಹಾಸಿಗೆಯ ಪಕ್ಕ ನಿಲ್ಲಿಸಿ ‘ಕೈ ಹಿಂದೆ ಕಟ್ಟಿಕೋ’ ಎಂದರು. ರೋಗಿಯ ಅಂಗಿಗೆ ಆರು ಗುಂಡಿ. ಮೊದಲನೆಯದು ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನನ್ನ ಬೆರಳುಗಳು ಬೆನ್ನ ಹಿಂದೆ ಒಂದನ್ನೊಂದು ಹಿಂಡುತ್ತಿದ್ದವು. ಮೂರನೆಯ ಗುಂಡಿ ತಪ್ಪು ಕಾಜಕ್ಕೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ತರಬೇತುದಾರ್ತಿ ತಲೆಯಾಡಿಸಿದರು, ಬೇಡ. ರೋಗಿಯೇ ಕಂಡುಕೊಂಡು ಬಿಚ್ಚಿ ಸರಿಮಾಡಿದರು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ. ಕೊನೆಯ ಗುಂಡಿ ಕೂತ ಮೇಲೆ ಅವರು ಅಂಗಿಯ ಮುಂಭಾಗವನ್ನು ಬಲಗೈಯಿಂದ ನಿಧಾನವಾಗಿ ಸವರಿಕೊಂಡು, ಬೀಗುವ ಮಗುವಿನಂತೆ ನನ್ನತ್ತ ನೋಡಿದರು. ಎಂಟು ವರ್ಷದಲ್ಲಿ ಎಷ್ಟು ಜನರಿಂದ ಆ ನೋಟವನ್ನು ಕಸಿದುಕೊಂಡಿದ್ದೇನೋ. ಮಾರ್ಚಿನಲ್ಲಿ ಅದೇ ಪರೀಕ್ಷೆ ಮತ್ತೆ ಬರೆದಾಗ ನಾನು ಹೆಚ್ಚೇನೂ ಮಾಡಲಿಲ್ಲ. ಉತ್ತೀರ್ಣಳಾದೆ.

ಉಳಿದವರ ಋಣ ಚಿಕ್ಕದೇನಲ್ಲ, ಆದರೆ ಬೇಗ ಹೇಳಿಬಿಡುತ್ತೇನೆ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಮಾಲೀಕರ ಸಹಿಯ ಪತ್ರ ಬೇಕು ಎಂದು ಎಚ್ಚರಿಸಿ, ಬ್ಯುರ್ಗರ್‌ಬ್ಯೂರೊ ಎಂಬ ನಗರಾಡಳಿತದ ನಾಗರಿಕ ಕಚೇರಿಗೆ ತಾವೇ ಜೊತೆಗೆ ಬಂದ ವಾರ್ಡಿನ ಸ್ವಚ್ಛತಾ ಸಿಬ್ಬಂದಿಯ ಅಕ್ಕ. ಅವರೂ ಇಪ್ಪತ್ತು ವರ್ಷದ ಹಿಂದೆ ಹೀಗೆಯೇ ಬಂದವರು. ರೇಡಿಯೊ-ಟಿವಿ ಶುಲ್ಕವೆಂದು ತಿಂಗಳಿಗೆ 18.36 ಯೂರೊ ಕೇಳಿ ಬಂದ ಪತ್ರವನ್ನು ಮೋಸದ ಜಾಲವೆಂದು ಹರಿದು ಎಸೆದಾಗ, ಬುಟ್ಟಿಯಿಂದ ಹೆಕ್ಕಿ ಅಂಟಿಸಿಕೊಟ್ಟ ಸಹವಾಸಿ ಹುಡುಗಿ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಅದನ್ನು ಕಟ್ಟಲೇಬೇಕು, ತಿಳಿದಿರಲಿ. ಒಂದು ಹೆಸರಿಲ್ಲದ ಏಜೆನ್ಸಿಗೂ ಸೇರಬೇಕಾದ ಮಾತಿದೆ. ‘ಅಲ್ಲಿಗೆ ಹೋಗಿ ಸೇರಿದ ತಿಂಗಳಿಂದಲೇ ಪೂರ್ಣ ನರ್ಸ್’ ಎಂದು ನಂಬಿಸಿ ಕಳುಹಿಸಿದಿರಿ. ನಿಮಗೆ ಕೃತಜ್ಞತೆ ಇಲ್ಲ.

ಕೊನೆಗೆ ಕೆಳಗಿನ ಮನೆಯ ಅಮ್ಮ. ಈ ಕಟ್ಟಡದಲ್ಲಿ ‘ಕೇರ್‌ವೋಖೆ’ ಪದ್ಧತಿ ಇದೆ: ವಾರಕ್ಕೊಬ್ಬರ ಬಾಗಿಲಿಗೆ ಒಂದು ಪುಟ್ಟ ಫಲಕ ಬಂದು ತೂಗುತ್ತದೆ, ಆ ವಾರ ಮೆಟ್ಟಿಲು ಗುಡಿಸಿ ಒರೆಸುವುದು ಅವರ ಪಾಳಿ. ಈ ಊರಿನವರು ಬೀದಿಯ ಕಸ ತೆಗೆಯಬೇಕು ಎಂಬ ನಿಯಮ 1492ರಿಂದಲೂ ಇದೆ ಎಂದು ಅವರು ಮೊದಲ ಭೇಟಿಯಲ್ಲೇ ಹೇಳಿದ್ದರು, ಬೆದರಿಕೆಯ ಧಾಟಿಯಲ್ಲಿ. ಮೊದಲ ಚಳಿಗಾಲದಲ್ಲಿ ಇಡೀ ಕಟ್ಟಡದಲ್ಲಿ ದಿನಾ ನನ್ನೊಡನೆ ಮಾತನಾಡುತ್ತಿದ್ದವರು ಅವರೊಬ್ಬರೇ, ಅದೂ ಬರೀ ಆಕ್ಷೇಪಣೆ: ನೀರು ಹೆಚ್ಚಾಯಿತು, ರಾತ್ರಿ ಹತ್ತರ ಮೇಲೆ ಬಾಗಿಲು ದಬ್ಬಬಾರದು, ಗಾಜಿನ ಬಾಟಲಿಯನ್ನು ಭಾನುವಾರ ತೊಟ್ಟಿಗೆ ಹಾಕಬಾರದು. ದಿನವೊಂದು ಅವರ ಗದರಿಕೆಯಿಲ್ಲದೆ ಕಳೆದರೆ ಏನೋ ಬಿಟ್ಟುಹೋದಂತೆ ಅನ್ನಿಸತೊಡಗಿತ್ತು.

ಗುರುವಾರ ಸಂಜೆ ಆ ಹಾಳೆ ಹಿಡಿದು ಕೆಳಗೆ ಹೋದೆ. ಕನ್ನಡಕ ತಂದು ಹಾಕಿಕೊಂಡು, ಮೊಹರಿನಿಂದ ಸಹಿಯವರೆಗೆ ತುಟಿ ಅಲುಗಿಸುತ್ತ ಓದಿದರು. ಕೈ ಕುಲುಕಿದರು, ಬಿಡಲಿಲ್ಲ, ಇನ್ನೊಂದು ಕೈಯನ್ನೂ ಮೇಲಿಟ್ಟರು. ಆಮೇಲೆ ಈ ವಾರ ಫಲಕ ಯಾರ ಬಾಗಿಲಲ್ಲಿದೆ ಎಂದು ಕೇಳಿದರು. ನನ್ನದರಲ್ಲೇ, ಎಂದೆ. ಹಾಗಾದರೆ ಕಿಟಕಿಯ ಕೆಳಗಿನ ಮೆಟ್ಟಿಲ ಮೂಲೆ ಬಿಟ್ಟುಹೋಗಿದೆ, ಎಂದರು. ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಪೊರಕೆ ತರಲು ಮೇಲೆ ಹೋದೆ.