ಝಾನ್ಸಿ ರಾಣಿಯ ಕಾದಂಬರಿ ಕಂಡರೆ ಇಷ್ಟು ಸಿಟ್ಟು ಯಾಕೆ?

ಮಾನ್ಯ ಸಂಪಾದಕರೇ,

ವೀರ ಮಹಿಳೆಯರ ಬಗ್ಗೆ ಕಾದಂಬರಿ ಬರೆಯುವವರಿಗೆ ಕಡಿವಾಣ ಹಾಕಬೇಕು ಅಂತ ಹೋದ ವಾರ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರು ಕೊಟ್ಟ ಉದಾಹರಣೆ ಜೈಶ್ರೀ ಮಿಶ್ರಾ ಅವರ ‘ರಾಣಿ’. ಝಾನ್ಸಿಯ ಲಕ್ಷ್ಮೀಬಾಯಿಗೂ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಬರ್ಟ್ ಎಲ್ಲಿಸ್‌ಗೂ ಪ್ರೀತಿ ಇತ್ತು ಎಂದು ಕಲ್ಪಿಸಿದ ಇಂಗ್ಲಿಷ್ ಕಾದಂಬರಿ ಅದು. 2008ರಲ್ಲಿ ಉತ್ತರ ಪ್ರದೇಶ ಸರ್ಕಾರ ಅದನ್ನು ನಿಷೇಧಿಸಿತು. ಆ ನಿಷೇಧ ತಪ್ಪು ಅಂತಲೇ ನಾನು ಹೇಳುತ್ತೇನೆ.

ಅವರಿಬ್ಬರ ನಡುವೆ ಪ್ರೀತಿ ಇತ್ತು ಅಂತ ನಾನೂ ನಂಬುವುದಿಲ್ಲ. ಅದಕ್ಕೆ ದಾಖಲೆ ಇಲ್ಲ. ಆದರೆ ಎಲ್ಲಿಸ್ ಕಟ್ಟುಕಥೆಯ ಮನುಷ್ಯ ಅಲ್ವಲ್ಲ. 1853ರ ನವೆಂಬರ್ 20ರಂದು, ಹಾಸಿಗೆ ಹಿಡಿದಿದ್ದ ದೊರೆ ಗಂಗಾಧರ ರಾವ್ ಪುಟ್ಟ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡು, ನನ್ನ ನಂತರ ಈ ಮಗುವನ್ನೂ ನನ್ನ ಹೆಂಡತಿ ಲಕ್ಷ್ಮೀಬಾಯಿಯನ್ನೂ ಚೆನ್ನಾಗಿ ನೋಡಿಕೊಳ್ಳಿ ಅಂತ ಬರೆಸಿದ ಪತ್ರ ಕೊಟ್ಟಿದ್ದು ಇದೇ ಎಲ್ಲಿಸ್ ಕೈಗೆ. ಮರುದಿನ ದೊರೆ ತೀರಿಕೊಂಡರು. ಪಕ್ಕದ ಓರ್ಛಾ ಸಂಸ್ಥಾನದಲ್ಲಿ ದತ್ತು ನಡೆಯುತ್ತದೆ ಅಂದಮೇಲೆ ಝಾನ್ಸಿಯಲ್ಲಿ ಯಾಕಾಗದು ಅಂತ ಎಲ್ಲಿಸ್ ಮೇಲಿನವರಿಗೆ ಬರೆದ. ಗವರ್ನರ್ ಜನರಲ್ ಡಾಲ್‌ಹೌಸಿ ಕಿವಿಗೆ ಹಾಕಿಕೊಳ್ಳಲಿಲ್ಲ, ದತ್ತುಮಗನಿಗೆ ರಾಜ್ಯ ಇಲ್ಲ ಅಂದ. 1854ರಲ್ಲಿ ಝಾನ್ಸಿ ಕಂಪನಿಯ ಕೈಗೆ ಹೋಯಿತು.

ನಾನು ಬೈಲಹೊಂಗಲದವಳು. ಚೆನ್ನಮ್ಮನ ಸಮಾಧಿ ಇರುವುದು ನಮ್ಮ ಊರಲ್ಲೇ. ದತ್ತುಮಗ ಶಿವಲಿಂಗಪ್ಪನನ್ನು ಒಪ್ಪದೆ ಧಾರವಾಡದಿಂದ ದಂಡು ಕಟ್ಟಿಕೊಂಡು ಬಂದ ಕಂಪನಿಯ ಕಲೆಕ್ಟರ್ ಥ್ಯಾಕರೆ 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಸತ್ತ ಕತೆ ಕೇಳುತ್ತಲೇ ನಾವು ಬೆಳೆದಿದ್ದು. ಹಾಗಾಗಿ ಇಂಗ್ಲಿಷರವ ಅಂದರೆ ನಮಗೆ ಥ್ಯಾಕರೆಯೇ. ಮೂವತ್ತು ವರ್ಷದ ನಂತರ ಅದೇ ದತ್ತಿನ ತಕರಾರು, ಹೆಚ್ಚುಕಡಿಮೆ ಅದೇ ಹುದ್ದೆ, ಆದರೆ ರಾಣಿಯ ಪರ ಬರೆದ ಇನ್ನೊಬ್ಬ ಇಂಗ್ಲಿಷರವನೂ ಇದ್ದ ಅಂತ ನನಗೆ ಗೊತ್ತಾಗಿದ್ದು ಈ ಕಾದಂಬರಿಯ ಗಲಾಟೆಯಿಂದಲೇ. ನಿಷೇಧ ಮಾಡಿ ಎಂದವರು ಆತನ ಹೆಸರನ್ನೂ ಮುಚ್ಚಿಡಿ ಎಂದ ಹಾಗಾಯಿತು.

ಇನ್ನು ಮರ್ಯಾದೆಯ ಮಾತು. ಹೋದ ವಾರದ ಆ ಪತ್ರವನ್ನು ಮನೆಯಲ್ಲಿ ಜೋರಾಗಿ ಓದಿದೆ. ಜೋಳ ಹಸನು ಮಾಡುತ್ತಾ ಕೂತಿದ್ದ ನಮ್ಮ ಅತ್ತೆ ಮೊರ ಕೆಳಗಿಟ್ಟು ಕೇಳಿದರು: “ಗಂಡ ಸತ್ತಾಕಿ ಯಾರನ್ನರ ಮೆಚ್ಚಿಕೊಂಡ್ಲು ಅಂದ್ರ ಆಕಿ ಕತ್ತಿ ಮೊಂಡ ಆಗ್ತದೇನ?” ಅವರು ಕಾದಂಬರಿ ಓದಿದವರಲ್ಲ. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು, ಹೊಲ ಮಾಡಿ ಮೂರು ಮಕ್ಕಳನ್ನು ಸಾಕಿದವರು. ನನಗೆ ಆಮೇಲೆ ಓದಲು ಆಗಲಿಲ್ಲ, ಗಂಟಲು ಕಟ್ಟಿತು.

ರಾಜ್ಯ ಕಿತ್ತುಕೊಂಡು ವರ್ಷಕ್ಕೆ 60 ಸಾವಿರ ರೂಪಾಯಿ ಪಿಂಚಣಿ ತಗೊಂಡು ಸುಮ್ನಿರು ಎಂದರಲ್ಲ, ರಾಣಿಗೆ ಆದ ಅವಮಾನ ಅದು. ಒಬ್ಬ ಹೆಣ್ಣುಮಗಳು ಕಲ್ಪಿಸಿ ಬರೆದ ಪ್ರೀತಿ ಅಲ್ಲ.

ಕಾದಂಬರಿ ತಪ್ಪು ಅನಿಸಿದವರು ಎದುರು ಬರೆಯಲಿ, ನಾನೂ ಓದುತ್ತೇನೆ. ನಿಮ್ಮಲ್ಲಿ ಒಂದು ಕೋರಿಕೆ: ಎಲ್ಲಿಸ್ ಝಾನ್ಸಿಯ ಪರವಾಗಿ ಬರೆದ ಪತ್ರಗಳ ಬಗ್ಗೆ ಇತಿಹಾಸ ಬಲ್ಲವರೊಬ್ಬರಿಂದ ಭಾನುವಾರದ ಪುರವಣಿಗೆ ಒಂದು ಲೇಖನ ಬರೆಸಿ.

ಇಂತಿ,
ಓದುಗಳೊಬ್ಬಳು, ಬೈಲಹೊಂಗಲ