ತರಬೇತುದಾರರೂ ಗೆಲುವಿನ ಲೆಕ್ಕವೂ

ಮಾನ್ಯ ಸಂಪಾದಕರೇ,

ಗೋವಾದ ವಾಸ್ಕೊದಲ್ಲಿ ಕಾಲೇಜು ಹುಡುಗರಿಗೆ ಇಪ್ಪತ್ತು ವರ್ಷ ಫುಟ್‌ಬಾಲ್ ಕಲಿಸಿದ ಕನ್ನಡಿಗ ನಾನು. ಬಲಿಷ್ಠ ತಂಡಗಳೇ ತುಂಬಿದ ವಿಭಾಗದಲ್ಲಿ ಆಡಿಸುವ ತರಬೇತುದಾರನಿಂದ ಪ್ರತಿವರ್ಷ ಕಪ್ ಬಯಸುವವರು ಒಮ್ಮೆ ಸರಳ ಲೆಕ್ಕವೊಂದನ್ನು ಹಾಕಿ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದ ಕಾಲೇಜು ಫುಟ್‌ಬಾಲ್ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯೇ ಆಟವಾದರೂ ಕೋಚ್‌ಗಳ ಪಾಡು ಒಂದೇ. ಅಲ್ಲಿನ ವಿಶ್ವವಿದ್ಯಾಲಯ ತಂಡಗಳ ಲೀಗ್ ಆದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಪಶ್ಚಿಮ ವಿಭಾಗದಲ್ಲಿ 2012ರಿಂದ 2023ರವರೆಗೆ ಏಳು ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಆರನ್ನು ಎದುರಿಸಿದರೆ ಒಟ್ಟು 21 ಪಂದ್ಯ. ಡ್ರಾ ಇಲ್ಲದ ಆ ಆಟದಲ್ಲಿ 21 ಗೆಲುವು, 21 ಸೋಲು. ಕೋಚ್ ನಿಕ್ ಸಬನ್ ಅವರ ಅಲಬಾಮಾ ತಂಡ ಆರನ್ನೂ ಗೆದ್ದ ವರ್ಷ ಉಳಿದ ಆರು ತಂಡಗಳು ಹಂಚಿಕೊಳ್ಳಬೇಕಾದದ್ದು 15 ಗೆಲುವು, ಅಂದರೆ ಸರಾಸರಿ ಎರಡೂವರೆ. ಆದರೂ ಏಳೂ ಕಡೆಯ ಅಭಿಮಾನಿಗಳು, ದೇಣಿಗೆದಾರರು ಅಗ್ರಸ್ಥಾನವನ್ನೇ ಕೇಳುತ್ತಿದ್ದರು. ಇದೇ ವಿಭಾಗದ ಆಬರ್ನ್ ವಿಶ್ವವಿದ್ಯಾಲಯಕ್ಕೆ 2010ರ ಋತುವಿನಲ್ಲಿ ಒಂದೂ ಸೋಲಿಲ್ಲದೆ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕೋಚ್ ಜೀನ್ ಚಿಜಿಕ್ 2012ರಲ್ಲೇ ಹುದ್ದೆ ಕಳೆದುಕೊಂಡರು. ಆ ವರ್ಷ 12ರಲ್ಲಿ ಮೂರನ್ನಷ್ಟೇ ಗೆದ್ದರೆಂಬುದು ನಿಜ. ಆದರೆ ಅವರ ನಂತರ ಬಂದ ಗಸ್ ಮಾಲ್ಜಾನ್ ಎಂಟು ಋತುಗಳಲ್ಲಿ ಒಮ್ಮೆಯೂ ಗೆಲುವಿಗಿಂತ ಸೋಲು ಹೆಚ್ಚಾಗಲು ಬಿಟ್ಟವರಲ್ಲ. ಸಬನ್ ಅವರ ತಂಡವನ್ನು ಮೂರು ಬಾರಿ ಮಣಿಸಿದವರು. ಎರಡು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆರಬೇಕಾಗುತ್ತದೆಂದು ತಿಳಿದೂ 2020ರಲ್ಲಿ ಅವರನ್ನು ತೆಗೆದುಹಾಕಲಾಯಿತು.

ನಮ್ಮ ವೃತ್ತಿಪರ ಫುಟ್‌ಬಾಲ್ ಕೂಡ ಇದಕ್ಕೆ ಹೊರತಲ್ಲ. ಅದೇ ವರ್ಷದ ಜನವರಿ ಕೊನೆಯಲ್ಲಿ, ತಂಡ ಅಂಕಪಟ್ಟಿಯ ಮೇಲ್ತುದಿಯಲ್ಲಿದ್ದಾಗಲೇ, ಎಫ್‌ಸಿ ಗೋವಾ ಕ್ಲಬ್ ತನ್ನ ಕೋಚ್ ಸರ್ಜಿಯೊ ಲೊಬೆರಾ ಅವರನ್ನು ಕೈಬಿಟ್ಟಿತ್ತು.

ಕಾಲೇಜಿನಲ್ಲಿ ಇದರ ಪೆಟ್ಟು ಹುಡುಗರಿಗೂ ಬೀಳುತ್ತದೆ. ಪದವಿಯ ವಿದ್ಯಾರ್ಥಿ ನಮ್ಮ ಕೈಯಲ್ಲಿರುವುದು ಮೂರೇ ವರ್ಷ. ಮೊದಲ ವರ್ಷ ಎಡಗಾಲಲ್ಲಿ ಪಾಸ್ ಕೊಡಲು ಹಿಂಜರಿಯುವವನೇ ಮೂರನೆಯ ವರ್ಷ ತಂಡವನ್ನು ನಡೆಸುತ್ತಾನೆ. ನಡುವೆ ಕೋಚ್ ಬದಲಾದರೆ ಆತ ಮತ್ತೆ ಮೊದಲಿನಿಂದ ಕಲಿಯಬೇಕು. ಕ್ಲಬ್‌ಗಳ ಕಿರಿಯರ ತಂಡಗಳಲ್ಲಿ ಪಳಗಿದವರೇ ತುಂಬಿದ್ದ ಕಾಲೇಜೊಂದಕ್ಕೆ ನಮ್ಮವರು ಕ್ವಾರ್ಟರ್ ಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತು ಬಂದಾಗ, ಆಡಳಿತ ಮಂಡಳಿಯವರು ನನ್ನನ್ನು ಕರೆಸಿ ಕಪ್ ಯಾಕೆ ಬರಲಿಲ್ಲವೆಂದು ಕೇಳಿದರು. ಎದುರಾಳಿ ಯಾರೆಂದು ಒಬ್ಬರೂ ಕೇಳಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಆಟ ತಿಳಿದಿರಬೇಕಾಗಿಲ್ಲ. ಸೋತ ತಂಡದಲ್ಲಿ ಬೆಳೆಯುತ್ತಿರುವ ಆಟಗಾರನನ್ನು ಗುರುತಿಸಲು ತಿಳಿದಿರಬೇಕು.

ಆದ್ದರಿಂದ ಕೋಚ್‌ನ ಕೆಲಸವನ್ನು ಅಳೆಯುವಾಗ ಎದುರಾಳಿಗಳ ಬಲವನ್ನೂ, ಹಿಂದಿನ ವರ್ಷಕ್ಕಿಂತ ಹುಡುಗರ ಆಟ ಎಷ್ಟು ಸುಧಾರಿಸಿದೆ ಎಂಬುದನ್ನೂ ಪರಿಗಣಿಸಬೇಕು. ಕನಿಷ್ಠ ಮೂರು ವರ್ಷದ ಅವಧಿಯನ್ನು ನೇಮಕಾತಿ ಪತ್ರದಲ್ಲೇ ನಮೂದಿಸಬೇಕು ಎಂದು ಕಾಲೇಜುಗಳ ಆಡಳಿತ ಮಂಡಳಿಗಳನ್ನು ವಿನಂತಿಸುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ,
ವಾಸ್ಕೊ, ಗೋವಾ